ನೊಂದ ರಾಷ್ಟ್ರದ ನೀತಿ: ರವೀಂದ್ರರ ‘ನ್ಯಾಷನಲಿಸಂ’ ಕೃತಿಯ ಒಂದು ಪರಿಶೀಲನೆ

ನೋವುಂಡವನು ಪರರ ನೋವನ್ನು ಬಲ್ಲನೆಂಬುದು ಲೋಕದ ನಂಬಿಕೆ. ವ್ಯಕ್ತಿಗಳ ವಿಷಯದಲ್ಲಿ ಈ ನಂಬಿಕೆ ಹಲವೊಮ್ಮೆ ನಿಜವಾಗುತ್ತದೆ. ಆದರೆ ರಾಷ್ಟ್ರಗಳ ಚರಿತ್ರೆ ಬೇರೆಯೇ ಸಾಕ್ಷ್ಯವನ್ನು ನುಡಿಯುತ್ತದೆ. ನಿನ್ನೆ ತುಳಿತಕ್ಕೆ ಸಿಕ್ಕ ನಾಡು, ಬಲ ಬಂದೊಡನೆ ತನಗಿಂತ ದುರ್ಬಲವಾದ ನಾಡನ್ನು ಅದೇ ಬಗೆಯಲ್ಲಿ ತುಳಿದ ನಿದರ್ಶನಗಳು ವಿರಳವಲ್ಲ. ಇದು ಹೀಗೇಕೆ ಎಂಬ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಗ್ರಂಥಗಳಲ್ಲಿ ರವೀಂದ್ರನಾಥ ಠಾಕೂರರ ‘ನ್ಯಾಷನಲಿಸಂ’ ಗಣ್ಯವಾದುದು. ಮೊದಲನೆಯ ಮಹಾಯುದ್ಧದ ನಡುವೆ ಜಪಾನ್ ಮತ್ತು ಅಮೆರಿಕಗಳಲ್ಲಿ ಅವರು ನೀಡಿದ ಉಪನ್ಯಾಸಗಳು 1917ರಲ್ಲಿ ಪುಸ್ತಕವಾಗಿ ಹೊರಬಂದವು. ಪಶ್ಚಿಮ, ಜಪಾನ್ ಮತ್ತು ಭಾರತಗಳನ್ನು ಕುರಿತ ಮೂರು ಪ್ರಬಂಧಗಳು ಇದರಲ್ಲಿವೆ. ಇವುಗಳಲ್ಲಿ ಜಪಾನನ್ನು ಕುರಿತ ಪ್ರಬಂಧವು ಇಂದಿಗೂ ವಿಚಾರಣೀಯವಾಗಿದೆ.

ಈ ಪ್ರಬಂಧದ ಮೌಲ್ಯವನ್ನು ಅರಿಯಬೇಕಾದರೆ ಅದರ ಹಿನ್ನೆಲೆಯನ್ನು ತಿಳಿಯಬೇಕು. 1853ರಲ್ಲಿ ಅಮೆರಿಕದ ನೌಕಾಧಿಪತಿ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಜಪಾನಿನ ತೀರಕ್ಕೆ ಬಂದನು. ಮರುವರ್ಷ ಜಪಾನ್ ತನ್ನ ಎರಡು ಬಂದರುಗಳನ್ನು ತೆರೆಯಬೇಕಾಯಿತು. 1858ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯ ಮತ್ತು ಹಾಲೆಂಡ್‌ಗಳೊಡನೆ ಆದ ಒಪ್ಪಂದಗಳು ಅದರ ಎರಡು ಅಧಿಕಾರಗಳನ್ನು ಕಿತ್ತುಕೊಂಡವು. ಜಪಾನಿನ ನೆಲದಲ್ಲಿ ಅಪರಾಧವೆಸಗಿದ ಪರದೇಶೀಯನನ್ನು ವಿಚಾರಿಸುವ ಹಕ್ಕು ಅವನ ದೇಶದ ಪ್ರತಿನಿಧಿಗೆ ಸೇರಿತು. ಆಮದು ಸುಂಕವನ್ನು ತನ್ನಿಚ್ಛೆಯಂತೆ ಗೊತ್ತುಮಾಡುವ ಸ್ವಾತಂತ್ರ್ಯವೂ ಹೋಯಿತು. 1866ರ ಒಡಂಬಡಿಕೆಯು ಆ ಸುಂಕವನ್ನು ನೂರಕ್ಕೆ 5ರ ಮಟ್ಟಕ್ಕೆ ಇಳಿಸಿತು. ಈ ಕಟ್ಟುಗಳಿಂದ ಬಿಡಿಸಿಕೊಳ್ಳಲು ಜಪಾನಿಗೆ ದಶಕಗಳೇ ಹಿಡಿದವು. ನ್ಯಾಯಾಧಿಕಾರ 1899ರಲ್ಲಿಯೂ ಸುಂಕದ ಪೂರ್ಣ ಸ್ವಾತಂತ್ರ್ಯ 1911ರಲ್ಲಿಯೂ ಅದಕ್ಕೆ ಮರಳಿ ದೊರೆತವು.

ಆದರೆ ತನ್ನ ಕೈಯ ಸಂಕೋಲೆ ಕಳಚುವ ಮೊದಲೇ ಜಪಾನ್ ಅದೇ ಸಂಕೋಲೆಯನ್ನು ನೆರೆಯವನ ಕೈಗೆ ತೊಡಿಸಿತು. 1875ರಲ್ಲಿ ಜಪಾನೀ ಯುದ್ಧನೌಕೆಯೊಂದು ಕೊರಿಯದ ಗಂಗ್ವಾ ದ್ವೀಪದ ಬಳಿ ಗುಂಡಿನ ಕಾಳಗಕ್ಕೆ ಕಾರಣವಾಯಿತು. ಮರುವರ್ಷ ನೌಕಾಬಲವನ್ನು ಮುಂದಿಟ್ಟುಕೊಂಡು ಕೊರಿಯದಿಂದ ಒಪ್ಪಂದಕ್ಕೆ ಸಹಿ ಪಡೆಯಲಾಯಿತು. ಕೊರಿಯವು ಜಪಾನಿಗೆ ಸಮಾನವಾದ ಸ್ವತಂತ್ರ ರಾಷ್ಟ್ರವೆಂದು ಅದರ ಮೊದಲನೆಯ ಕಲಮು ಸಾರಿತು. ಆದರೆ ಮುಂದಿನ ಕಲಮುಗಳು ಬಂದರುಗಳನ್ನು ತೆರೆಯಿಸಿ, ಜಪಾನೀ ಪ್ರಜೆಗಳನ್ನು ಕೊರಿಯದ ನ್ಯಾಯಾಧಿಕಾರದಿಂದ ಹೊರಗಿರಿಸಿದವು. ಆ ವರ್ಷವೇ ಆದ ಪೂರಕ ಏರ್ಪಾಡಿನಿಂದ ಜಪಾನೀ ಸರಕುಗಳಿಗೆ ಕೊರಿಯದಲ್ಲಿ ಸುಂಕವೇ ಇಲ್ಲವಾಯಿತು. 1883ರವರೆಗೆ ಈ ಸ್ಥಿತಿ ಮುಂದುವರಿಯಿತು. ಪಾಶ್ಚಾತ್ಯರು ಜಪಾನಿಗೆ ನೂರಕ್ಕೆ 5ನ್ನಾದರೂ ಬಿಟ್ಟಿದ್ದರು. ಜಪಾನ್ ಕೊರಿಯಕ್ಕೆ ಅದನ್ನೂ ಬಿಡಲಿಲ್ಲ. ಕೊಳ್ಳುವಾಗ ಒಂದು ತೂಕ, ಕೊಡುವಾಗ ಇನ್ನೊಂದು ತೂಕ ಇಟ್ಟುಕೊಂಡ ಅಂಗಡಿಯ ನೀತಿ ಇದು. ಮುಂದಿನದು ಸರ್ವವಿದಿತ. 1895ರ ಶಿಮೊನೊಸೆಕಿ ಒಪ್ಪಂದದಲ್ಲಿ ಚೀನದಿಂದ 20 ಕೋಟಿ ತೇಲ್ ಬೆಳ್ಳಿ ಮತ್ತು ತೈವಾನ್, 1905ರಲ್ಲಿ ಕೊರಿಯದ ಮೇಲೆ ರಕ್ಷಣಾಧಿಕಾರ, 1910ರಲ್ಲಿ ಅದರ ಸಂಪೂರ್ಣ ವಿಲೀನ, 1915ರಲ್ಲಿ ಚೀನದ ಮುಂದೆ 21 ಬೇಡಿಕೆಗಳು.

ಈ ಸ್ಥಿತಿಯಲ್ಲಿ, 1916ರಲ್ಲಿ, ರವೀಂದ್ರರು ಜಪಾನಿಗೆ ಹೋದರು. ಏಷ್ಯದ ಮೊದಲ ನೊಬೆಲ್ ಪುರಸ್ಕೃತರಿಗೆ ಅಲ್ಲಿ ಅದ್ದೂರಿಯ ಸ್ವಾಗತ ದೊರೆಯಿತು. ಏಷ್ಯವು ನಿದ್ರೆಯಿಂದೇಳಬಲ್ಲದೆಂಬುದನ್ನು ತೋರಿಸಿದ ಕೀರ್ತಿ ಜಪಾನಿನದೆಂದು ಅವರು ಮುಕ್ತಕಂಠದಿಂದ ಹೇಳಿದರು. ಆದರೆ ಅವರ ಎಚ್ಚರಿಕೆ ಸ್ಪಷ್ಟವಾಗಿತ್ತು. ಪಶ್ಚಿಮದ ಹೊರರೂಪವನ್ನು ಅನುಕರಿಸುವುದು ದೊಡ್ಡ ಅಪಾಯವಲ್ಲ. ಪಶ್ಚಿಮದ ರಾಷ್ಟ್ರೀಯತೆಯನ್ನು ನಡೆಸುವ ಪ್ರೇರಣೆಯನ್ನೇ ತನ್ನದಾಗಿ ಮಾಡಿಕೊಳ್ಳುವುದು ನಿಜವಾದ ಅಪಾಯ ಎಂಬುದು ಅವರ ಮತ. ಅವರ ದೃಷ್ಟಿಯಲ್ಲಿ ‘ರಾಷ್ಟ್ರ’ವೆಂದರೆ ಲಾಭ ಮತ್ತು ಅಧಿಕಾರಗಳಿಗಾಗಿ ಜನರನ್ನು ಕಟ್ಟಿಹಾಕಿದ ಒಂದು ಯಂತ್ರ. ಆ ಯಂತ್ರದಿಂದ ಜಜ್ಜಲ್ಪಟ್ಟವನು ಯಂತ್ರವನ್ನು ದ್ವೇಷಿಸುವ ಬದಲು ಅದನ್ನು ತಾನೇ ಪಡೆಯಲು ಹಂಬಲಿಸುತ್ತಾನೆ.

ಈ ಮಾತನ್ನು ಆತಿಥೇಯರ ಮನೆಯಲ್ಲಿಯೇ ನಿಂತು ಹೇಳಿದುದು ಕೃತಿಯ ಮೊದಲ ಹಿರಿಮೆ. ಅದರ ಬೆಲೆಯನ್ನೂ ಅವರು ತೆತ್ತರು. ಸೋತ ದೇಶದ ಕವಿಯ ಉಪದೇಶ ತಮಗೆ ಬೇಡವೆಂದು ಜಪಾನಿನ ಹಲವರು ಮುಖ ತಿರುಗಿಸಿದರು. ಕಾಲವು ಕವಿಯ ಮಾತನ್ನೇ ಸಮರ್ಥಿಸಿತು. 1938ರಲ್ಲಿ ಜಪಾನಿನ ಕವಿ ಯೋನೆ ನೊಗುಚಿ, ಚೀನದ ಮೇಲಿನ ಯುದ್ಧವನ್ನು ಏಷ್ಯದ ಹಿತದ ಹೆಸರಿನಲ್ಲಿ ಸಮರ್ಥಿಸಿ ಪತ್ರ ಬರೆದಾಗ, ರವೀಂದ್ರರು ಹಳೆಯ ಸ್ನೇಹವನ್ನು ಲೆಕ್ಕಿಸದೆ ಅದನ್ನು ಖಂಡಿಸಿ ಉತ್ತರಿಸಿದರು. ಬ್ರಿಟಿಷರನ್ನು ಟೀಕಿಸಿದ ಅಳತೆಗೋಲಿನಿಂದಲೇ ಏಷ್ಯದ ಮಿತ್ರನನ್ನೂ ಅಳೆದರು.

ಆದರೂ ಕೃತಿಯಲ್ಲಿ ಒಂದು ಕೊರತೆ ಉಂಟು. ಆಕ್ರಮಣದ ಮೂಲವನ್ನು ರವೀಂದ್ರರು ಬಹುಪಾಲು ಪಶ್ಚಿಮದಲ್ಲಿಯೇ ಕಾಣುತ್ತಾರೆ. ಪುರಾತನ ಜಪಾನನ್ನು ಸೌಂದರ್ಯ ಮತ್ತು ಮೈತ್ರಿಗಳ ನಾಡೆಂದು ಚಿತ್ರಿಸುತ್ತಾರೆ. ಆದರೆ ಪಶ್ಚಿಮದ ರಾಷ್ಟ್ರೀಯತೆ ಹುಟ್ಟುವ ಬಹುಕಾಲ ಮೊದಲೇ, 1592ರಲ್ಲಿಯೂ 1597ರಲ್ಲಿಯೂ, ಹಿದೆಯೋಷಿಯ ಸೇನೆಗಳು ಕೊರಿಯವನ್ನು ಹಾಳುಗೆಡವಿದ್ದವು. ಲೋಭಕ್ಕೆ ಪೂರ್ವಪಶ್ಚಿಮಗಳ ಭೇದವಿಲ್ಲ. ಅದೇ ವೇಳೆಗೆ, 1607ರಿಂದ 1811ರವರೆಗೆ ಕೊರಿಯದ ರಾಯಭಾರಿಗಳು 12 ಬಾರಿ ಜಪಾನಿಗೆ ಬಂದುದೂ, ಎರಡು ಶತಮಾನಕ್ಕೂ ಮಿಗಿಲಾಗಿ ನೆರೆಹೊರೆಯವರು ಶಾಂತಿಯಿಂದ ಬಾಳಿದುದೂ ಸತ್ಯ. ಎಂದಮೇಲೆ ಆಕ್ರಮಣವು ಹೊರಗಿನಿಂದ ತಗುಲಿದ ರೋಗವೂ ಅಲ್ಲ, ಜನ್ಮದಿಂದ ಬಂದ ಸ್ವಭಾವವೂ ಅಲ್ಲ. ಅದೊಂದು ಆಯ್ಕೆ. ಭಯ ಆ ಆಯ್ಕೆಗೆ ನೆಪವನ್ನು ಒದಗಿಸಿತು: ಕೊರಿಯವು ರಷ್ಯದ ಕೈಸೇರಿದರೆ ತಮ್ಮ ಗತಿಯೇನೆಂಬ ಚಿಂತೆ ಜಪಾನಿನ ನಾಯಕರಿಗೆ ನಿಜವಾಗಿಯೂ ಇತ್ತು. ಆದರೆ ಭಯ ನಿಜವಾದ ಮಾತ್ರಕ್ಕೆ ಅದರ ಹೆಸರಿನಲ್ಲಿ ಮಾಡಿದ ಅಪಹಾರ ನ್ಯಾಯವಾಗದು.

ಆಯ್ಕೆ ಬೇರೆಯಾಗಿರಬಹುದಿತ್ತೆಂಬುದಕ್ಕೆ ಜಪಾನೀಯರೇ ಸಾಕ್ಷಿ. 1921ರಲ್ಲಿ ‘ತೋಯೊ ಕೇಜಾಯ್ ಶಿಂಪೊ’ ಎಂಬ ಆರ್ಥಿಕ ಪತ್ರಿಕೆಯಲ್ಲಿ ಇಶಿಬಾಶಿ ತಾನ್ಜಾನ್ ಎಂಬ ಲೇಖಕರು, ಕೊರಿಯ, ತೈವಾನ್, ಮಂಚೂರಿಯಗಳನ್ನು ಬಿಟ್ಟುಕೊಡಬೇಕೆಂದು ವಾದಿಸಿದರು. ಅವರು ಕೈಗೆತ್ತಿಕೊಂಡುದು ವ್ಯಾಪಾರದ ಅಂಕಿಅಂಶಗಳನ್ನು. ವಶಪಡಿಸಿಕೊಂಡ ಈ ಪ್ರದೇಶಗಳೊಡನೆ ನಡೆಯುತ್ತಿದ್ದ ಒಟ್ಟು ವ್ಯಾಪಾರಕ್ಕಿಂತ ಅಮೆರಿಕವೊಂದರೊಡನೆ ನಡೆಯುತ್ತಿದ್ದ ವ್ಯಾಪಾರವೇ ಅಧಿಕವಾಗಿತ್ತು. ಆಳದೆಯೇ ದೊರೆಯುವ ಲಾಭಕ್ಕಾಗಿ ಆಳುವ ವೆಚ್ಚವನ್ನೂ ದ್ವೇಷವನ್ನೂ ಹೊರುವುದೇಕೆಂಬುದು ಅವರ ತರ್ಕ. ಕವಿಯ ಧರ್ಮಬುದ್ಧಿಗೆ ಕಂಡುದೇ ಪತ್ರಕರ್ತನ ಲೆಕ್ಕದ ಪುಸ್ತಕಕ್ಕೂ ಕಂಡಿತು. ಆ ಕಾಲದಲ್ಲಿ ಇಬ್ಬರ ಮಾತೂ ಅರಣ್ಯರೋದನವಾಯಿತು. ಇಶಿಬಾಶಿಯವರು 1956ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಯಾದರು. ಆ ಹೊತ್ತಿಗೆ ಅವರು ಬಿಟ್ಟುಕೊಡಲು ಹೇಳಿದ ನಾಡುಗಳೆಲ್ಲ ಯುದ್ಧದಲ್ಲಿ ಕಳೆದುಹೋಗಿದ್ದವು.

ರವೀಂದ್ರರು ಮೂರನೆಯ ಪ್ರಬಂಧವನ್ನು ಭಾರತಕ್ಕೆ ಮೀಸಲಿಟ್ಟುದು ಅರ್ಥಪೂರ್ಣ. ಎಚ್ಚರಿಕೆ ಪರರಿಗೆ ಮಾತ್ರವಲ್ಲ. 1989ರ ಮಾರ್ಚಿಯಲ್ಲಿ ನೇಪಾಳದೊಡನೆ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತವು ಬಹುತೇಕ ಗಡಿದ್ವಾರಗಳನ್ನು ಮುಚ್ಚಿತು. ಸಮುದ್ರವಿಲ್ಲದ ಆ ನಾಡಿನಲ್ಲಿ ಇಂಧನಕ್ಕೆ ತೀವ್ರ ಅಭಾವವಾಯಿತು. ಇದನ್ನು ಕೊರಿಯದ ವಿಲೀನಕ್ಕೆ ಹೋಲಿಸುವುದು ಅನ್ಯಾಯ. ಭಾರತಕ್ಕೂ ತನ್ನದೇ ಆದ ಆಕ್ಷೇಪಗಳಿದ್ದವು. ಆದರೆ ಸುಂಕ ಮತ್ತು ಬಂದರುಗಳ ಮೂಲಕ ತಾನು ಪರಾಧೀನವಾಗಿದ್ದ ದೇಶವೊಂದು ಅವನ್ನೇ ಆಯುಧವಾಗಿ ಬಳಸುವಾಗ ಒಂದು ಕ್ಷಣ ನಿಂತು ಯೋಚಿಸಬೇಕಾದುದು ಅವಶ್ಯ. ಪ್ರತಿಫಲವನ್ನು ಕೇಳದೆ ಸಣ್ಣ ನೆರೆಯವರಿಗೆ ಸಾಧ್ಯವಾದುದನ್ನು ಕೊಡಬೇಕೆಂಬ ತತ್ತ್ವವನ್ನು 1996ರಲ್ಲಿ ವಿದೇಶಾಂಗ ಸಚಿವರಾಗಿದ್ದ ಐ. ಕೆ. ಗುಜ್ರಾಲರು ಮುಂದಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿಯೇ ಬಾಂಗ್ಲಾದೇಶದೊಡನೆ ಗಂಗಾಜಲದ ಹಂಚಿಕೆಯ 30 ವರ್ಷಗಳ ಒಪ್ಪಂದವಾಯಿತು. ದೊಡ್ಡವನು ಮೊದಲು ಕೈ ಸಡಿಲಿಸಬೇಕೆಂಬ ವಿವೇಕ ಅಸಾಧ್ಯವಲ್ಲವೆಂಬುದನ್ನು ಇದು ತೋರಿಸುತ್ತದೆ.

‘ನ್ಯಾಷನಲಿಸಂ’ ಕೃತಿಯ ಚರಿತ್ರೆಯಲ್ಲಿ ಲೋಪವಿರಬಹುದು, ನೀತಿಯಲ್ಲಿ ಲೋಪವಿಲ್ಲ. ಅನುಭವಿಸಿದ ಅವಮಾನವು ತಾನಾಗಿಯೇ ಯಾರನ್ನೂ ಸಜ್ಜನರನ್ನಾಗಿ ಮಾಡುವುದಿಲ್ಲ. ಅದು ಎರಡು ಪಾಠಗಳನ್ನು ಮುಂದಿಡುತ್ತದೆ: ಹೀಗೆ ಮಾಡಬಾರದೆಂಬುದೊಂದು, ಹೀಗೆ ಮಾಡುವುದು ಹೇಗೆಂಬುದಿನ್ನೊಂದು. ಯಾವ ಪಾಠವನ್ನು ಕಲಿಯಲಾಯಿತೆಂಬುದು ದುರ್ಬಲನಾಗಿದ್ದಾಗ ಆಡಿದ ಮಾತಿನಿಂದ ತಿಳಿಯುವುದಿಲ್ಲ. ತಕ್ಕಡಿ ಕೈಗೆ ಬಂದ ದಿನ ತಿಳಿಯುತ್ತದೆ.