ಅಪುವಿನ ಉಕ್ತಲೇಖನ: ಮಕ್ಕಳ ಕಾದಂಬರಿ ಮತ್ತು ಪ್ರಾಥಮಿಕ ತರಗತಿ

ಪಂಜೆ ಮಂಗೇಶರಾಯರಿಂದ ಜಿ.ಪಿ. ರಾಜರತ್ನಂ ಅವರವರೆಗೆ ಕನ್ನಡದ ಮಕ್ಕಳ ಸಾಹಿತ್ಯವೆಂದರೆ ಪ್ರಧಾನವಾಗಿ ಪದ್ಯ, ಅದರ ಬೆನ್ನಿಗೆ ಸಣ್ಣಕತೆ ಎಂಬ ಗ್ರಹಿಕೆ ನಮ್ಮಲ್ಲಿ ಬೇರೂರಿದೆ. ಇದಕ್ಕೆ ಪಠ್ಯಪುಸ್ತಕವೂ ಒಂದು ಕಾರಣವೆಂದು ತೋರುತ್ತದೆ. ಪದ್ಯವು ಪಠ್ಯದ ಪುಟದಲ್ಲಿ ಇಡಿಯಾಗಿ ಕೂರುತ್ತದೆ, ಪುಟ್ಟ ಕತೆಯೂ ಕೂರುತ್ತದೆ. ಕಾದಂಬರಿ ಮಾತ್ರ ತುಣುಕಾಗದೆ ಅಲ್ಲಿ ಕಾಲಿಡಲಾರದು. ಈಚಿನ ವರ್ಷಗಳಲ್ಲಿ ಕೃತಿಗಳಿಗೇನೂ ಕೊರತೆಯಿಲ್ಲ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಂದಿತು. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಹೀಗೆ ಮೂರು ವರ್ಷ ಸತತವಾಗಿ ಅದೇ ಪುರಸ್ಕಾರ ಕಾದಂಬರಿಗಳಿಗೇ ಬಂದಿದೆ. ಆದರೆ ಇಂಥ ಕೃತಿಯು ತರಗತಿಯನ್ನು ಹೇಗೆ ಪ್ರವೇಶಿಸಬೇಕೆಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆಯು ಶಿಕ್ಷಣಶಾಸ್ತ್ರದವರಿಗೆ ಬಿಟ್ಟು ಸುಮ್ಮನಿದೆ. ಇದು ಮೂಲತಃ ಪ್ರಕಾರವನ್ನು ಕುರಿತ ಪ್ರಶ್ನೆ, ಆದುದರಿಂದ ವಿಮರ್ಶೆಯದೇ ಹೊಣೆ ಎಂಬುದು ನಮ್ಮ ನಿಲುವು.

ಹೊರನಾಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಮಹಾರಾಷ್ಟ್ರದಲ್ಲಿ ಪುಣೆಯ ಬಾಲಭಾರತಿ ಸಿದ್ಧಪಡಿಸುವ ಕನ್ನಡ ಪಠ್ಯವೇ ಎಷ್ಟೋ ಮಕ್ಕಳ ಕೈಗೆ ದೊರೆಯುವ ಏಕೈಕ ಕನ್ನಡ ಪುಸ್ತಕ. ಅಂಥ ಒಂದು ನಾಲ್ಕನೆಯ ತರಗತಿಗೆ ಉತ್ಸಾಹಿ ಶಿಕ್ಷಕಿಯೊಬ್ಬರು ಮಕ್ಕಳ ಕಾದಂಬರಿಯೊಂದನ್ನು ತಂದು ದಿನಕ್ಕೊಂದು ಅಧ್ಯಾಯದಂತೆ ಓದಿದ್ದನ್ನು ನಾವು ಕಂಡಿದ್ದೇವೆ. ಮೊದಲ ವಾರ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ. ಮೇಲಿನವರ ಸೂಚನೆಯಂತೆ ಎರಡನೆಯ ವಾರದಿಂದ ಪ್ರತಿ ಅಧ್ಯಾಯದ ಕೊನೆಗೆ ಹಲಗೆಯ ಮೇಲೆ ಹತ್ತು ಪ್ರಶ್ನೆಗಳು ಬಂದವು: ಬಿಟ್ಟ ಸ್ಥಳ ತುಂಬಿರಿ, ಯಾರು ಯಾರಿಗೆ ಹೇಳಿದರು, ಈ ಪಾಠದ ನೀತಿಯೇನು. ಕೆಲವೇ ದಿನಗಳಲ್ಲಿ ಮಕ್ಕಳು ‘ಟೀಚರ್, ಇವತ್ತು ಕತೆ ಬೇಡ’ ಎನ್ನತೊಡಗಿದರು. ಪುಸ್ತಕ ಅದೇ, ಓದುವ ದನಿಯೂ ಅದೇ. ಹಾಗಾದರೆ ಕೆಟ್ಟದ್ದು ಯಾವುದು?

ಉತ್ತರಕ್ಕಾಗಿ ನಾವು ಶಿಕ್ಷಣದ ಗ್ರಂಥಗಳಿಗಿಂತ ಮೊದಲು ಒಂದು ಕಾದಂಬರಿಯನ್ನೇ ಆಶ್ರಯಿಸುತ್ತೇವೆ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ‘ವಿಚಿತ್ರಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1929ರಲ್ಲಿ ಪುಸ್ತಕವಾಯಿತು. 1940ರ ದಶಕದಲ್ಲಿ ಕಲ್ಕತ್ತೆಯ ಸಿಗ್ನೆಟ್ ಪ್ರೆಸ್ ಇದನ್ನು ‘ಆಮ್ ಆಂಟಿರ್ ಭೇಂಪು’, ಎಂದರೆ ಮಾವಿನ ಗೊರಟೆಯ ಪೀಪಿ, ಎಂಬ ಹೆಸರಿನಿಂದ ಮಕ್ಕಳಿಗಾಗಿ ಸಂಗ್ರಹಿಸಿ ಪ್ರಕಟಿಸಿತು. ಅದಕ್ಕೆ ಚಿತ್ರ ಬರೆದ ತರುಣ ಕಲಾವಿದ ಸತ್ಯಜಿತ್ ರಾಯ್. 1955ರ ಚಲನಚಿತ್ರದ ಬೀಜ ಬಿದ್ದದ್ದು ಆ ಮಕ್ಕಳ ಆವೃತ್ತಿಯ ಕೆಲಸದಲ್ಲಿ ಎಂಬುದನ್ನು ಮಕ್ಕಳ ಪುಸ್ತಕವೆಂದರೆ ಮೂಗು ಮುರಿಯುವವರು ನೆನಪಿಡುವುದು ಒಳಿತು.

ಚಿತ್ರ ನೋಡಿದವರಿಗೆ ಅಪುವಿನ ಶಾಲೆಯೆಂದರೆ ನೆನಪಾಗುವುದು ಕಿರಾಣಿ ಅಂಗಡಿಯ ತಕ್ಕಡಿ ಮತ್ತು ಗುರುಗಳ ಬೆತ್ತ. ಕಾದಂಬರಿಯಲ್ಲಿ ಇವುಗಳ ನಡುವೆ ಇನ್ನೊಂದು ಘಟನೆಯಿದೆ. ಪ್ರಸನ್ನ ಗುರುಗಳು ಒಂದು ದಿನ ಉಕ್ತಲೇಖನ ಕೊಡುತ್ತಾರೆ. ಹೇಳುತ್ತಿರುವುದು ಅವರ ಸ್ವಂತ ಮಾತಲ್ಲ, ಕಂಠಪಾಠದ್ದು ಎಂಬುದು ಹುಡುಗನಿಗೆ ಕೂಡಲೇ ಹೊಳೆಯುತ್ತದೆ. ಅದು ವಿದ್ಯಾಸಾಗರರ ‘ಸೀತಾರ್ ಬನವಾಸ್’ (1860) ಕೃತಿಯ ಗದ್ಯ. ಜನಸ್ಥಾನದ ನಡುವಣ ಪ್ರಸ್ರವಣ ಗಿರಿಯ ವರ್ಣನೆ. ಅದರ ಹಿಂದೆ ಭವಭೂತಿಯ ಉತ್ತರರಾಮಚರಿತವಿದೆ. ಅರ್ಧಕ್ಕಿಂತ ಹೆಚ್ಚು ಪದಗಳು ಅಪುವಿಗೆ ತಿಳಿಯವು. ಆದರೂ ಆ ನಾದ, ಆ ಮೋಡ ಕವಿದ ಬೆಟ್ಟ ಅವನನ್ನು ಹಿಡಿದುಬಿಡುತ್ತವೆ. ದೊಡ್ಡವನಾದ ಮೇಲೆ ಅಲ್ಲಿಗೆ ಹೋಗಬೇಕೆಂದು ಅವನು ಅಂದುಕೊಳ್ಳುತ್ತಾನೆ. ಗುರುಗಳು ಅರ್ಥ ವಿವರಿಸಲಿಲ್ಲ, ಪ್ರಶ್ನೆ ಕೇಳಲಿಲ್ಲ. ಇದು ಅವರ ಬೋಧನಾಕ್ರಮದ ಹಿರಿಮೆಯೇನಲ್ಲ. ಉಪ್ಪು ಬೇಳೆ ತೂಗುವ ಅವಸರದಲ್ಲಿ ಅವರಿಗೆ ಪುರುಸೊತ್ತು ಇರಲಿಲ್ಲ, ಅಷ್ಟೆ. ಆದರೆ ಆ ಅಲಕ್ಷ್ಯದಿಂದ ಒಂದು ತೆರವು ಉಳಿಯಿತು.

ನಮ್ಮ ವಾದದ ತಿರುಳು ಈ ತೆರವಿನಲ್ಲಿದೆ. ಪದ್ಯವು ಮಗುವಿಗೆ ಕೊಡುವುದು ಲಯವನ್ನು, ಕತೆ ಕೊಡುವುದು ತಿರುವನ್ನು. ಕಾದಂಬರಿ ವಿಶೇಷವಾಗಿ ಕೊಡುವುದು ಕಾಲವನ್ನು. ಇಂದಿನ ಅಧ್ಯಾಯಕ್ಕೂ ನಾಳೆಯ ಅಧ್ಯಾಯಕ್ಕೂ ನಡುವಿನ ರಾತ್ರಿಯಲ್ಲಿ ಮಗು ತಾನೇ ಕತೆಯನ್ನು ಮುಂದುವರಿಸುತ್ತದೆ. ಅದರ ಮೊದಲ ಬರವಣಿಗೆ ಕಾಗದಕ್ಕೆ ಬರುವ ಮೊದಲು ಅಲ್ಲಿ ನಡೆದಿರುತ್ತದೆ. ಅಪು ‘ಬಂಗಬಾಸಿ’ ವಾರಪತ್ರಿಕೆಗಾಗಿ ಅಂಚೆಯವನ ದಾರಿ ಕಾಯುವುದೂ ಪುಸ್ತಕ ಓದಲು ಸಿಗಲೆಂದು ನೆರೆಮನೆಯವರ ಕೆರೆಯ ಮೀನು ಕಾಯುವ ಕೆಲಸಕ್ಕೆ ಒಪ್ಪುವುದೂ ಈ ಕಾಯುವಿಕೆಯ ರೂಪಗಳೇ. ಅಧ್ಯಾಯ ಮುಗಿದೊಡನೆ ಬರುವ ಹತ್ತು ಪ್ರಶ್ನೆಗಳು ಆ ರಾತ್ರಿಯನ್ನು ಮುಚ್ಚಿಹಾಕುತ್ತವೆ. ನಾವು ಕಂಡ ತರಗತಿಯಲ್ಲಿ ಆದದ್ದು ಇದೇ: ಕಾದಂಬರಿಯು ಇಪ್ಪತ್ತು ಪಾಠಗಳಾಗಿ ಒಡೆದುಹೋಯಿತು.

ಆಕ್ಷೇಪಗಳಿಲ್ಲವೆಂದಲ್ಲ. ಅಕ್ಷರ ಕೂಡಿಸಿ ಓದಲು ತಿಣುಕುವ ಮಗುವಿಗೆ ಕಾದಂಬರಿ ಭಾರವಲ್ಲವೇ? ಪದಸಂಪತ್ತನ್ನು ಶ್ರೇಣೀಕರಿಸಿದ ಪಠ್ಯವೇ ಸೂಕ್ತವಲ್ಲವೇ? ಅಪು ಅಸಾಮಾನ್ಯ ಹುಡುಗ ಎಂಬುದನ್ನೂ ಒಪ್ಪಬೇಕು; ಅದೇ ಪಾಠಶಾಲೆಯ ಇತರ ಹುಡುಗರು ಸ್ಲೇಟಿನ ಮೇಲೆ ಗೀಟು ಹಾಕಿ ಆಟವಾಡಿದವರು. ಒಬ್ಬ ಅಪುವನ್ನು ಮುಂದಿಟ್ಟುಕೊಂಡು ನಲವತ್ತು ಮಕ್ಕಳ ತರಗತಿಗೆ ವಿಧಿ ಬರೆಯಲಾಗದು. ಆದರೆ ಈ ಆಕ್ಷೇಪ ಮಗು ತಾನೇ ಓದುವುದಕ್ಕೆ ಅನ್ವಯಿಸುತ್ತದೆಯೇ ಹೊರತು ಓದಿ ಹೇಳುವುದಕ್ಕಲ್ಲ. ಕಾದಂಬರಿಯ ದುರ್ಗೆ ಶಾಲೆಯ ಮುಖ ಕಂಡವಳಲ್ಲ. ತಮ್ಮ ಓದಿದ್ದನ್ನು ಕೂತು ಕೇಳುತ್ತಾಳೆ. ಕುಮಾರವ್ಯಾಸನನ್ನು ಗಮಕಿಯ ಬಾಯಿಂದ ಕೇಳಿ ಬೆಳೆದ ನಾಡಿನವರಿಗೆ ಇದು ಹೊಸ ಸಂಗತಿಯಾಗಬೇಕಿಲ್ಲ. ಮನೆಯಲ್ಲಿ ಒಂದು ಬಗೆಯ ಕನ್ನಡ, ಬೀದಿಯಲ್ಲಿ ಮರಾಠಿಯೋ ಹಿಂದಿಯೋ ಆಗಿರುವ ಮುಂಬೈ ಸೊಲ್ಲಾಪುರಗಳ ಮಗುವಿಗೆ ಗ್ರಂಥಸ್ಥ ಕನ್ನಡ ಮೊದಲು ಕಿವಿಯಿಂದಲೇ ಒಳಗಿಳಿಯಬೇಕು. ತರಗತಿಗೆ ಒಂದೇ ಪ್ರತಿ, ಒಂದು ಒಳ್ಳೆಯ ದನಿ ಸಾಕು. ನಲವತ್ತು ಪ್ರತಿಗಳಿಗೆ ಅನುದಾನ ಬರುವವರೆಗೆ ಕಾಯಬೇಕಿಲ್ಲ.

ಇನ್ನು ಬರವಣಿಗೆಯ ಮಾತು. ಅಪು ಕತೆ ಬರೆಯಲು ತೊಡಗುವುದು ಶಾಲೆಯ ಒತ್ತಾಯದಿಂದಲ್ಲ. ನೆರೆಯ ರಾಣು ಪುಟ್ಟದೊಂದು ನೋಟ್‌ಬುಕ್ಕನ್ನು ಅವನ ಕೈಗಿತ್ತು, ಇದರಲ್ಲಿ ನನಗೊಂದು ಕತೆ ಬರೆದುಕೊಡು ಎನ್ನುತ್ತಾಳೆ. ಕತೆ ಬೇಕೆನ್ನುವ ಒಬ್ಬ ಓದುಗಳು ಅವನಿಗೆ ದೊರೆಯುತ್ತಾಳೆ. ಅಂಕ ಹಾಕುವವಳಲ್ಲ, ತಪ್ಪಿಗೆ ಕೆಂಪು ಗೆರೆ ಎಳೆಯುವವಳೂ ಅಲ್ಲ. ತರಗತಿಯಲ್ಲಿ ‘ಈ ಕತೆಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದಾಗ ಮಗು ಬರೆಯುವುದು ಆ ಕತೆಯನ್ನು ತನಗಿಂತ ಚೆನ್ನಾಗಿ ಬಲ್ಲ ಶಿಕ್ಷಕಿಗೆ. ಆ ಬರಹ ಯಾರಿಗೂ ಬೇಕಿಲ್ಲವೆಂಬುದು ಅದಕ್ಕೆ ಗೊತ್ತು. ಅದರ ಬದಲು ಅಧ್ಯಾಯವೊಂದು ತಪ್ಪಿಹೋದ ಗೆಳತಿಗೆ ಏನಾಯಿತೆಂದು ಬರೆದು ತಿಳಿಸು ಎಂದರೆ, ಕಾದಂಬರಿಯನ್ನು ಕೇಳದ ಊರಿನ ಅಜ್ಜಿಗೆ ಕಾಗದ ಬರೆ ಎಂದರೆ, ಬರಹಕ್ಕೆ ವಿಳಾಸ ದೊರೆಯುತ್ತದೆ. ಆಗ ಕಾಗುಣಿತ ತಪ್ಪಿದರೂ ಕಾಗದ ತಲುಪುತ್ತದೆ.

ರಾಣುವಿನ ನೋಟ್‌ಬುಕ್ಕಿನಲ್ಲಿ ಅಪು ಆರಂಭಿಸಿದ ಕತೆ ಮುಗಿಯುವುದಿಲ್ಲ. ಅವನ ಕುಟುಂಬ ನಿಶ್ಚಿಂದಿಪುರವನ್ನು ಬಿಟ್ಟು ಕಾಶಿಗೆ ಹೊರಡುತ್ತದೆ, ನೋಟ್‌ಬುಕ್ಕು ಅವಳ ಬಳಿಯೇ ಉಳಿಯುತ್ತದೆ.