‘ಉಚೋತೆನ್ ಕಾಝೊಕು’: ಹಾಸ್ಯದೊಳಗಿನ ಒಂದು ಮರಣ

ಒಂದು ಕೊಲೆ, ಹಲವು ಶಂಕಿತರು, ಕೊನೆಗೊಬ್ಬ ಅಪರಾಧಿ ಎಂಬ ಪತ್ತೆದಾರಿ ಕಾದಂಬರಿಯ ಸೂತ್ರವು ನಮ್ಮ ವಾಚಕರಿಗೆ ಚಿರಪರಿಚಿತವಾದುದು. ಈ ಜಾತಿಯಲ್ಲಿಯೇ ಒಂದು ಸೌಮ್ಯ ಪ್ರಭೇದವುಂಟು. ಅಲ್ಲಿ ರಕ್ತವು ಕಣ್ಣಿಗೆ ಬೀಳುವುದಿಲ್ಲ. ಜನರೆಲ್ಲ ಪರಸ್ಪರ ಪರಿಚಿತರು. ಊಟ ಪಾನೀಯಗಳ ವರ್ಣನೆ ಧಾರಾಳ. ಸತ್ತವನಿಗಾಗಿ ಯಾರೂ ಬಹುಕಾಲ ಅಳುವುದಿಲ್ಲ. ಇಂತಹ ಕೃತಿಗಳನ್ನು ಕಾಲಹರಣದ ಬರಹವೆಂದು ತಳ್ಳಿಹಾಕುವುದು ಸುಲಭ. ಆದರೆ ವಾಚಕನಿಗೆ ಅಲ್ಲಿ ದೊರೆಯುವ ನೆಮ್ಮದಿಯು ಸಾವನ್ನು ಮರೆಮಾಚಿ ಪಡೆದುದೋ, ಸಾವನ್ನು ಎದುರಿಗಿಟ್ಟುಕೊಂಡೇ ಪಡೆದುದೋ ಎಂಬ ಪ್ರಶ್ನೆಯನ್ನು ಕೇಳದೆ ತೀರ್ಪು ಕೊಡುವುದು ಉಚಿತವಲ್ಲ. ಜಪಾನಿನ ಮೊರಿಮಿ ತೊಮಿಹಿಕೊ ಅವರು 2007ರಲ್ಲಿ ಪ್ರಕಟಿಸಿದ ‘ಉಚೋತೆನ್ ಕಾಝೊಕು’ ಎಂಬ ಕಾದಂಬರಿಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಇಲ್ಲಿ ಯತ್ನಿಸುತ್ತೇವೆ.

ಮೊರಿಮಿಯವರು 1979ರಲ್ಲಿ ನಾರಾ ಪ್ರಾಂತದಲ್ಲಿ ಜನಿಸಿದವರು. ಕ್ಯೋತೊ ವಿಶ್ವವಿದ್ಯಾನಿಲಯದಲ್ಲಿ ಕೃಷಿಶಾಸ್ತ್ರವನ್ನು ಓದಿದವರು. ಅವರ ಬಹುತೇಕ ಕಥೆಗಳಿಗೆ ಕ್ಯೋತೊ ನಗರವೇ ರಂಗಭೂಮಿ. ಪ್ರಕೃತ ಕೃತಿಯ ಶೀರ್ಷಿಕೆಯೇ ವಿಚಾರಾರ್ಹವಾಗಿದೆ. ‘ಉಚೋತೆನ್’ ಎಂಬುದು ಬೌದ್ಧರ ‘ಭವಾಗ್ರ’ ಎಂಬ ಸಂಸ್ಕೃತ ಪದದ ರೂಪಾಂತರ. ಅಸ್ತಿತ್ವದ ತುತ್ತತುದಿಯ ಸ್ವರ್ಗವೆಂದು ಅದರ ಮೂಲಾರ್ಥ. ಬಳಕೆಯಲ್ಲಿ ಅದು ಇಳಿದಿಳಿದು, ಹಿಗ್ಗಿನಿಂದ ಮೈಮರೆತ ಸ್ಥಿತಿ ಎಂಬ ಅರ್ಥಕ್ಕೆ ಬಂದು ನಿಂತಿದೆ. ಎತ್ತರದಿಂದ ಇಳಿದು ಬೀದಿಗೆ ಬಂದ ಈ ಮಾತಿನ ಗತಿಯೇ ಕಾದಂಬರಿಯಲ್ಲಿ ಬರುವ ದೈವಗಳ ಗತಿಯೂ ಆಗಿದೆ.

ಕಥಾನಾಯಕರು ಮನುಷ್ಯರಲ್ಲ, ತನುಕಿಗಳು. ತನುಕಿಯು ನಾಯಿಯ ಕುಲಕ್ಕೆ ಸೇರಿದ, ಕಣ್ಣಿನ ಸುತ್ತ ಕಪ್ಪು ಮಚ್ಚೆಯುಳ್ಳ ಒಂದು ಕಾಡುಪ್ರಾಣಿ. ಬೇಕಾದ ರೂಪವನ್ನು ತಾಳಬಲ್ಲುದೆಂದು ಜಪಾನೀ ಜನಪದದ ನಂಬಿಕೆ. ಶಿಮೊಗಾಮೊ ದೇವಾಲಯದ ತಾದಸು ವನದಲ್ಲಿ ಒಂದು ತನುಕಿ ಕುಟುಂಬ ವಾಸಿಸುತ್ತಿದೆ: ತಾಯಿ ಮತ್ತು ನಾಲ್ವರು ಮಕ್ಕಳು. ಕ್ಯೋತೊವಿನ ತನುಕಿಗಳಿಗೆಲ್ಲ ನಾಯಕನಾಗಿದ್ದ ತಂದೆ ಸೋಇಚಿರೊ ಬದುಕಿಲ್ಲ. ‘ಶುಕ್ರವಾರ ಕೂಟ’ವೆಂಬ ಏಳು ಮಂದಿ ಮನುಷ್ಯರ ಸಂಘವು ಪ್ರತಿವರ್ಷದ ಕೊನೆಯಲ್ಲಿ ತನುಕಿಯ ಮಾಂಸದ ಅಡಿಗೆಯನ್ನು ಉಣ್ಣುವ ಪದ್ಧತಿ ಇಟ್ಟುಕೊಂಡಿದೆ, ಒಂದು ವರ್ಷ ಅವರ ಪಾತ್ರೆಗೆ ಬಿದ್ದವನು ಸೋಇಚಿರೊ. ಯಾರಿಗೂ ಸಿಕ್ಕದ ಆ ಚತುರನು ಅವರ ಕೈಗೆ ಸಿಕ್ಕಿದ್ದು ಹೇಗೆ? ಕಾದಂಬರಿಯ ಒಗಟು ಇದು. ಕಥೆಯನ್ನು ಹೇಳುವವನು ಮೂರನೆಯ ಮಗ ಯಾಸಬುರೊ. ವಿನೋದವೊಂದನ್ನೇ ಬದುಕಿನ ಗುರಿಯೆಂದು ನಂಬಿದವನು.

ಕೂಟದ ಏಳು ಸದಸ್ಯರು ಜಪಾನಿನ ಸಪ್ತ ಭಾಗ್ಯದೇವತೆಗಳ ಹೆಸರುಗಳನ್ನು ಧರಿಸಿದ್ದಾರೆ. ಇವರಲ್ಲಿ ಮೂವರು ನಮಗೆ ಅಪರಿಚಿತರಲ್ಲ. ಬೆಂತೆನ್ ಎಂದರೆ ಸರಸ್ವತಿ, ಬಿಶಾಮೊನ್ ಎಂದರೆ ವೈಶ್ರವಣ, ದಾಯ್ಕೊಕು ಎಂದರೆ ಮಹಾಕಾಲ. ಬೌದ್ಧಧರ್ಮದೊಡನೆ ಚೀನಾದ ಮಾರ್ಗವಾಗಿ ಅಲ್ಲಿಗೆ ಹೋಗಿ ನೆಲೆಸಿದವರು. ಕಾದಂಬರಿಯ ಬೆಂತೆನ್ ಬಿವಾ ಸರೋವರದ ದಡದಿಂದ ಅಪಹರಿಸಲ್ಪಟ್ಟ ಒಬ್ಬ ಮನುಷ್ಯಕನ್ಯೆ. ಆ ಸರೋವರದ ಚಿಕುಬು ದ್ವೀಪವು ಬೆಂತೆನ್ ದೇವತೆಯ ಪ್ರಸಿದ್ಧ ಕ್ಷೇತ್ರವೆಂಬುದನ್ನು ಬಲ್ಲ ವಾಚಕನಿಗೆ ಈ ಹೆಸರು ಬರಿಯ ಅಲಂಕಾರವಾಗಿ ತೋರದು. ಅವಳನ್ನು ಅಪಹರಿಸಿ ಆಕಾಶಗಮನವನ್ನು ಕಲಿಸಿದವನು ಅಕಾದಮ ಗುರು. ಅವನು ತೆಂಗು, ಎಂದರೆ ಪರ್ವತವಾಸಿಯಾದ ರೆಕ್ಕೆಯ ಉಪದೇವತೆ. (ಕನ್ನಡಿಗರ ಕಿವಿಗೆ ಈ ಹೆಸರು ನಗೆ ತರಿಸೀತು, ನಮ್ಮ ಮರಕ್ಕೂ ಇದಕ್ಕೂ ಸಂಬಂಧವಿಲ್ಲ.) ಈಗ ಅವನು ಹಾರಲಾರ. ಅಂಗಡಿಬೀದಿಯ ಹಿಂದಿನ ಕೊಠಡಿಯೊಂದರಲ್ಲಿ ಅಗ್ಗದ ಸಿಹಿ ದ್ರಾಕ್ಷಾಸವವನ್ನು ಕುಡಿಯುತ್ತ, ಬಾರದ ಶಿಷ್ಯೆಯನ್ನು ಕಾಯುತ್ತ ಕುಳಿತಿದ್ದಾನೆ. ಜಾನಪದ ವಿದ್ವಾಂಸರಾದ ಯಾನಗಿತ ಕುನಿಯೊ ಅವರು, ಭೂತಪಿಶಾಚಗಳೆಲ್ಲ ಪದಚ್ಯುತರಾದ ದೇವತೆಗಳೆಂದು ವಾದಿಸಿದ್ದರು. ಅಕಾದಮ ಗುರುವಿನಲ್ಲಿ ಆ ವಾದವು ಒಂದು ಕರುಣಾಜನಕವಾದ ಮೈಯನ್ನು ಪಡೆದಿದೆ. ದೇವತೆಗಳ ಹೆಸರು ಭಕ್ಷಕರಿಗೆ, ಮುಪ್ಪು ಉಪದೇವತೆಗೆ, ಪಶುವಿಗೆ ಮಾತ್ರ ಮನಸ್ಸಾಕ್ಷಿ: ಪುರಾಣದ ಶ್ರೇಣಿಯನ್ನು ಲೇಖಕರು ಹೀಗೆ ಬುಡಮೇಲು ಮಾಡಿದ್ದಾರೆ.

ಜಪಾನಿನ ಪತ್ತೆದಾರಿ ಸಾಹಿತ್ಯಕ್ಕೆ ಅತಿಮಾನುಷವು ಹೊಸದಲ್ಲ. 1917ರಲ್ಲಿ ಆರಂಭವಾದ ಒಕಾಮೊತೊ ಕಿದೊ ಅವರ ಹಾನ್‌ಶಿಚಿ ಕಥೆಗಳಲ್ಲಿ ಭೂತದ ಚೇಷ್ಟೆಯೆಂದು ತೋರಿದ್ದು ಅನೇಕ ವೇಳೆ ಮನುಷ್ಯನ ಕೃತ್ಯವೆಂದು ಬಯಲಾಗುತ್ತದೆ. ಮೊರಿಮಿಯವರಲ್ಲಿ ಹಾಗಿಲ್ಲ. ಅತಿಮಾನುಷವು ಮೊದಲ ಪುಟದಿಂದಲೇ ಸಿದ್ಧವಸ್ತು. ಬಿಡಿಸಬೇಕಾಗಿರುವುದು ಅಣ್ಣ ತಮ್ಮಂದಿರ ನಡುವಣ ಮನಸ್ಸಿನ ಗಂಟು.

ಈ ಗಂಟು ಬಿಚ್ಚುವ ಕ್ರಮದಲ್ಲಿಯೇ ಕೃತಿಯ ನಿಜವಾದ ಶಕ್ತಿಯಿದೆಯೆಂದು ನಮಗೆ ತೋರುತ್ತದೆ. ಇಲ್ಲಿ ಪತ್ತೆದಾರನೇ ಇಲ್ಲ. ತಂದೆಯ ಕೊನೆಯ ರಾತ್ರಿಯ ಒಂದೊಂದು ತುಣುಕು ಒಬ್ಬೊಬ್ಬರ ಬಳಿ ಇದೆ. ಪ್ರತಿಯೊಬ್ಬರೂ ಅದನ್ನು ನಾಚಿಕೆಯಿಂದಲೋ ಭಯದಿಂದಲೋ ಬಚ್ಚಿಟ್ಟಿದ್ದಾರೆ. ಎರಡನೆಯ ಮಗ ಯಾಜಿರೊ ಆ ರಾತ್ರಿ ತಂದೆಯೊಡನೆ ಕುಡಿದಿದ್ದವನು. ತಮ್ಮನಿಗೆ ಗೊತ್ತಾಗಿದ್ದ ಹೆಣ್ಣನ್ನು ತಾನು ಪ್ರೀತಿಸಿ, ಊರು ಬಿಡುವೆನೆಂದು ತಂದೆಯೆದುರು ದುಃಖ ತೋಡಿಕೊಂಡಿದ್ದನು. ಬಳಿಕ ಎಂದಿನಂತೆ ವಿದ್ಯುತ್ ರೈಲಿನ ರೂಪ ತಾಳಿ ತಂದೆಯನ್ನು ಹೊತ್ತು ಬೀದಿಗಳಲ್ಲಿ ಓಡಿದನು. ಮುಂದಿನದು ಅಮಲಿನಲ್ಲಿ ಅಳಿಸಿಹೋಗಿದೆ. ಬೆಳಗಾದಾಗ ತಂದೆ ಇಲ್ಲ. ತಾನೇ ಕಾರಣನೆಂದು ನಂಬಿದ ಅವನು ಕಪ್ಪೆಯಾಗಿ ಚಿನ್ನೊಜಿ ದೇವಾಲಯದ ಬಾವಿಗಿಳಿದು ಮರಳಿ ರೂಪ ಬದಲಿಸುವುದನ್ನೇ ಮರೆತನು. ಒಂಬತ್ತನೆಯ ಶತಮಾನದ ಕವಿ ಒನೊ ನೊ ತಾಕಮುರ ಯಮಲೋಕಕ್ಕೆ ಇಳಿದುಹೋಗುತ್ತಿದ್ದನೆಂದು ಐತಿಹ್ಯವಿರುವುದು ಇದೇ ದೇವಾಲಯದ ಬಾವಿಯ ವಿಷಯದಲ್ಲಿ. ಕೂಪಮಂಡೂಕವೆಂದರೆ ನಮ್ಮಲ್ಲಿಯೂ ಜಪಾನಿನಲ್ಲಿಯೂ ಅಜ್ಞಾನಿ; ಇಲ್ಲಿಯ ಕಪ್ಪೆಯಾದರೋ ತನಗೆ ತಿಳಿದುದನ್ನು ತಾಳಲಾರದೆ ಬಾವಿ ಸೇರಿದವನು. ಊರಿನವರು ಬಾವಿಯ ಕಟ್ಟೆಗೆ ಬಂದು ತಮ್ಮ ಸಂಕಟಗಳನ್ನು ಅವನಿಗೆ ಹೇಳಿ ಹಗುರಾಗುತ್ತಾರೆ. ಅವನ ಸಂಕಟವನ್ನು ಕೇಳುವವರಿಲ್ಲ. ಈ ಸನ್ನಿವೇಶವನ್ನು ಲೇಖಕರು ಎಲ್ಲಿಯೂ ಒತ್ತಿ ಹೇಳದೆ, ಬಾವಿಯ ತಳದ ಸಣ್ಣ ಧ್ವನಿಯೊಂದರಿಂದಲೇ ಸಾಧಿಸಿದ್ದಾರೆ.

ಇದಕ್ಕೆ ಸಮನಾದ ಇನ್ನೊಂದು ಸೃಷ್ಟಿ ಯೊದೊಗಾವ ಎಂಬ ಪ್ರಾಧ್ಯಾಪಕ. ಈತ ಕೂಟದ ಸದಸ್ಯ, ತನುಕಿಗಳ ಪರಮಪ್ರೇಮಿ, ಪ್ರೀತಿಸುವುದರಿಂದಲೇ ತಿನ್ನುತ್ತೇನೆನ್ನುವವನು. ಬೋನಿನಲ್ಲಿದ್ದ ಸೋಇಚಿರೊ ತನ್ನೊಡನೆ ಮಾತನಾಡಿದನೆಂದೂ ಸಾವಿಗೆ ಅಂಜಲಿಲ್ಲವೆಂದೂ ಅವನು ಮನುಷ್ಯರೂಪದಲ್ಲಿರುವ ಯಾಸಬುರೊನಿಗೇ ಹೇಳುತ್ತಾನೆ. ತಂದೆಯನ್ನು ತಿಂದವನ ಬಾಯಿಂದ ತಂದೆಯ ಕೊನೆಯ ಮಾತುಗಳನ್ನು ಮಗ ಕೇಳುತ್ತಾನೆ, ಕೇಳಿ ಅವನನ್ನು ದ್ವೇಷಿಸಲಾರದೆ ಹೋಗುತ್ತಾನೆ. ‘ಕಾಚಿ ಕಾಚಿ ಯಾಮ’ ಎಂಬ ಹಳೆಯ ಮಕ್ಕಳ ಕಥೆಯಲ್ಲಿ, ಅಡಿಗೆಗಾಗಿ ಕಟ್ಟಿಹಾಕಿದ್ದ ತನುಕಿಯೇ ಮುದುಕಿಯನ್ನು ಕೊಂದು ಅವಳ ಮಾಂಸವನ್ನು ಗಂಡನಿಗೆ ಉಣಬಡಿಸುತ್ತದೆ. ಮೊಲವೊಂದು ಸೇಡು ತೀರಿಸಿ ಅದನ್ನು ನೀರಿನಲ್ಲಿ ಮುಳುಗಿಸುತ್ತದೆ. ಅಲ್ಲಿ ಪಾತ್ರೆಗೆ ಪಾತ್ರೆ, ಸಾವಿಗೆ ಸಾವು. ಮೊರಿಮಿಯವರು ಪಾತ್ರೆಯನ್ನು ಉಳಿಸಿಕೊಂಡು ಸೇಡನ್ನು ಕೈಬಿಟ್ಟಿದ್ದಾರೆ.

ಕರುಣಕ್ಕೆ ಹಾಸ್ಯವು ವಿರೋಧಿಯೆಂದು ವಿಶ್ವನಾಥನೇ ಮೊದಲಾದ ಆಲಂಕಾರಿಕರು ಹೇಳಿದ್ದಾರೆ. ವಿರೋಧಿರಸಗಳಲ್ಲಿ ಒಂದನ್ನು ಅಂಗವಾಗಿಸಿದರೆ ದೋಷವಿಲ್ಲವೆಂಬುದು ಆನಂದವರ್ಧನನು ತೋರಿದ ದಾರಿ. ಇಲ್ಲಿ ಯಾವುದು ಅಂಗಿ, ಯಾವುದು ಅಂಗ? ಮೇಲುನೋಟಕ್ಕೆ ಹಾಸ್ಯವೇ ಅಂಗಿ. ಆದರೆ ಮಕ್ಕಳ ಪ್ರತಿಯೊಂದು ಕುಚೇಷ್ಟೆಯ ಹಿಂದೆಯೂ ಇಲ್ಲದ ತಂದೆಯ ನೆರಳಿದೆ. ಹಾಸ್ಯವು ಶೋಕವನ್ನು ಹೊರಲು ಒದಗಿದ ವಾಹನವೆಂದೇ ನಮ್ಮ ಅಭಿಪ್ರಾಯ.

ಈ ಸಾಮಂಜಸ್ಯವು ಉದ್ದಕ್ಕೂ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಸೋಇಚಿರೊನನ್ನು ಕೂಟದ ಕೈಗೆ ಸಿಕ್ಕಿಸಿದವನು ಅವನ ಸ್ವಂತ ತಮ್ಮನಾದ ಸೋಉನ್ ಎಂದು ಬಯಲಾದೊಡನೆ, ಅಲ್ಲಿಯವರೆಗೆ ಎಲ್ಲರಲ್ಲಿಯೂ ಹಂಚಿಹೋಗಿದ್ದ ಹೊಣೆಯು ಒಬ್ಬನ ತಲೆಯ ಮೇಲೆ ಬಂದು ಕೂರುತ್ತದೆ. ಅಣ್ಣನ ಮೇಲೆ ಅವನಿಗಿದ್ದ ಮತ್ಸರವನ್ನು ಹೇಳಿದ್ದಾರೆಯೇ ಹೊರತು ತೋರಿಸಿಲ್ಲ. ಯಾಜಿರೊನ ಪಾಪಭೀತಿಗೆ ಕೊಟ್ಟ ಗಮನದಲ್ಲಿ ನಾಲ್ಕನೆಯ ಒಂದು ಪಾಲು ಇವನಿಗೂ ಸಂದಿದ್ದರೆ ಕೃತಿಯ ಘನತೆ ಹೆಚ್ಚುತ್ತಿತ್ತು. ಕೊನೆಯ ಅಧ್ಯಾಯಗಳ ಓಟ, ಹೊಡೆದಾಟಗಳು ರಂಜಕವಾಗಿವೆ, ಅಷ್ಟೇ. ಆ ಗದ್ದಲದ ನಡುವೆ ಯೊದೊಗಾವನು ಬೋನಿನಲ್ಲಿರುವ ತಾಯಿ ತನುಕಿಯನ್ನು, ತಾನು ಹಿಂದೊಮ್ಮೆ ಗಾಯಗೊಂಡಿದ್ದಾಗ ಉಪಚರಿಸಿದವಳೆಂದು ಗುರುತಿಸಿ, ಇವಳನ್ನು ತಿನ್ನಲಾರೆನೆಂದು ಹಟ ಹಿಡಿಯುವ ಪ್ರಸಂಗ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಗುರುತು ಸಿಕ್ಕ ಒಬ್ಬಳಿಗೆ ದಯೆ ದೊರೆಯಿತು. ಮಾತನಾಡಿದ ಅವಳ ಗಂಡನಿಗೆ ದೊರೆತಿರಲಿಲ್ಲ. ಲೇಖಕರು ಇದನ್ನು ಸಮರ್ಥಿಸಲೂ ಇಲ್ಲ, ಖಂಡಿಸಲೂ ಇಲ್ಲ.

ಅಪರಾಧಿ ತಿಳಿದ ಮೇಲೂ ಈ ಊರಿನ ವ್ಯವಸ್ಥೆ ಬದಲಾಗುವುದಿಲ್ಲ. ತಂದೆಯನ್ನು ತಿಂದವರಲ್ಲಿ ಒಬ್ಬಳಾದ ಬೆಂತೆನ್ ಮೇಲಣ ಯಾಸಬುರೊನ ಮೋಹವೂ ಹರಿಯುವುದಿಲ್ಲ. 2015ರಲ್ಲಿ ಹೊರಬಂದ ಎರಡನೆಯ ಭಾಗದಲ್ಲಿಯೂ ಶುಕ್ರವಾರ ಕೂಟವು ಇದ್ದೇ ಇದೆ. ವರ್ಷಾಂತ್ಯಕ್ಕೆ ಅದಕ್ಕೊಂದು ತನುಕಿ ಬೇಕೇ ಬೇಕು.