‘ಘಾಚರ್ ಘೋಚರ್’: ಗೃಹಧರ್ಮದ ವಿಪರ್ಯಾಸ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಬಲ್ಲ ಕರ್ಜಗಿ ಸೀಮೆಯ ವಾಚಕರಿಗೆ, ವ್ಯಾಪಾರದಲ್ಲಿ ಒಬ್ಬನ ಕೈಹತ್ತಿದೊಡನೆ ಮನೆಯ ಪಂಕ್ತಿಯೇ ಬದಲಾಗುವ ಬಗೆಯು ಅಪರಿಚಿತವಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನೀಳ್ಗತೆಯ ವಸ್ತುವೂ ಇದೇ. ಅಣ್ಣನ ಗಳಿಕೆಯಲ್ಲಿ ಓದಿದ ತಮ್ಮನು ಸಾಂಬಾರ ಪದಾರ್ಥಗಳ ವ್ಯಾಪಾರದಿಂದ ಧನಿಕನಾಗುತ್ತಲೇ ಯಾಜಮಾನ್ಯವು ಸದ್ದಿಲ್ಲದೆ ಅವನದಾಗುತ್ತದೆ. ಅಣ್ಣನು ಪಾಲುದಾರನಾಗಿದ್ದೂ ಮೂಲೆ ಸೇರುವನು; ಅತ್ತಿಗೆಯು ಮೈದುನನ ಊಟೋಪಚಾರಕ್ಕೆ ಕಾದು ನಿಲ್ಲುವಳು; ಮಗನಂತೂ ದುಡಿಯದೆಯೇ ಸಂಬಳ ಪಡೆಯುವನು. ಕಾಫ್ಕನ ‘ರೂಪಾಂತರ’ದಲ್ಲಿ (1915) ದುಡಿಯುವವನು ಕೀಟವಾದ ಮೇಲೆ ತಂದೆ ಕೆಲಸಕ್ಕೆ ಹೋಗುತ್ತಾನೆ, ತಂಗಿ ಅಂಗಡಿ ಸೇರುತ್ತಾಳೆ. ಇಲ್ಲಿ ಸಂಪತ್ತು ಬಂದು ಎಲ್ಲರೂ ಕೈಕಟ್ಟಿ ಕುಳಿತರು. ಇದೇ ಹೆಚ್ಚು ಭಯಂಕರ. ಚಿಕ್ಕಪ್ಪನನ್ನು ಅರಸಿ ಬಂದ ಹೆಂಗಸನ್ನು ಮನೆಯ ಹೆಂಗಸರೇ ಬೈದಟ್ಟಿದಾಗ, ಅದು ಅನ್ಯಾಯವೆಂದು ನುಡಿದವಳು ಸೊಸೆ ಅನಿತಾ ಒಬ್ಬಳೇ. ಅವಳ ಗತಿಯೇನಾಯಿತೆಂಬುದನ್ನು ಗ್ರಂಥಕರ್ತರು ಬಿಡಿಸಿ ಹೇಳಿಲ್ಲ. ಹೇಳಿದ್ದರೆ ವಾಚಕನು ಒಂದು ನಿಟ್ಟುಸಿರಿಟ್ಟು ಪುಸ್ತಕವನ್ನು ಮುಚ್ಚಿಬಿಡುತ್ತಿದ್ದನು.